ಅಲೆಗೆರೆ ಹೊತ್ತ ‘ಎ’ ಟೈಪಿಸುವುದು

ಜೂನ್ 24ರ ಸಾಂವ್ ಜುವಾಂವ್ ಹಬ್ಬಕ್ಕೆ ಗೋವಾದಲ್ಲಿ ಬ್ಯಾನರ್ ಮಾಡುವ ಕನ್ನಡಿಗರು ಎಡವುವುದು ಒಂದೇ ಅಕ್ಷರದಲ್ಲಿ. ಪೋರ್ಚುಗೀಸ್ ಕಾಗುಣಿತದಲ್ಲಿ (São João) ಎರಡೂ ಪದಗಳ ‘ಎ’ (a) ಮೇಲೆ ಟಿಲ್ಡೆ, ಅಂದರೆ ಅಲೆಯಂಥ ಗೆರೆ (~), ಇರಬೇಕು. ಪಕ್ಕದ ‘ಒ’ (o) ಬೋಳು. ಟಿಲ್ಡೆ ಎಂದರೆ ಮೂಗಿನ ಉಚ್ಚಾರ, ಹೆಚ್ಚುಕಡಿಮೆ ನಮ್ಮ ಸೊನ್ನೆಯ ಕೆಲಸ.

ವಿಂಡೋಸ್‌ನಲ್ಲಿ ನಮ್‌ಲಾಕ್ ಹಾಕಿ, ಆಲ್ಟ್ ಒತ್ತಿ ಹಿಡಿದು ಬಲಗಡೆಯ ಅಂಕಿ ಕೀಲಿಗಳಲ್ಲಿ 0227 ಒತ್ತಿ, ದೊಡ್ಡಕ್ಷರಕ್ಕೆ 0195. ಮೊದಲ ಸೊನ್ನೆ ಬಿಟ್ಟರೆ ಬೇರೇನೋ ಬೀಳುತ್ತದೆ. ಫೋನಿನಲ್ಲಿ ‘ಎ’ ಒತ್ತಿ ಹಿಡಿದರೆ ಸಾಕು.

ಆ ಸಾಲಿಗೆ ಹಳೆಯ ಆಸ್ಕಿ ಕನ್ನಡ ಫಾಂಟ್ ಇದ್ದರೆ ಟಿಲ್ಡೆ ಬದಲು ಕನ್ನಡದ ತುಂಡು ಕಾಣುತ್ತದೆ: ಆ ಸಂಖ್ಯೆಗಳಲ್ಲಿ ಅವು ಕನ್ನಡ ಚೂರುಗಳನ್ನು ಕೂರಿಸಿಕೊಂಡಿವೆ. ಯುನಿಕೋಡ್ ಫಾಂಟಿಗೆ ಬದಲಿಸಿ. ಟಿಲ್ಡೆ ಪಕ್ಕಕ್ಕೆ ಜಾರಿದ್ದರೆ ಅದು ಪ್ರತ್ಯೇಕ ಚಿಹ್ನೆಯಾಗಿ ಸೇರಿರಬಹುದು. ಎರಡನ್ನೂ ಅಳಿಸಿ ಒಂದೇ ಅಕ್ಷರವಾಗಿ ಟೈಪಿಸಿ.