ಮೊಣಕಾಲು ನೋವಿಗೆ ಮನೆಯ ಹಾಟ್ ಟಬ್‌ನಲ್ಲಿ ಹಗುರ ವ್ಯಾಯಾಮ: ಬಿಸಿಲುನಾಡಿನವರು ತಿಳಿದಿರಬೇಕಾದದ್ದು

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಾಟ್ ಟಬ್, ಎಂದರೆ ಒಳಗೆ ಆಸನವೂ ಹೀಟರೂ ಇರುವ ದೊಡ್ಡ ನೀರಿನ ತೊಟ್ಟಿ, ಇರುವ ಮನೆಗಳು ಕಡಿಮೆ. ಇದ್ದವರಲ್ಲಿಯೂ ಹೆಚ್ಚಿನವರು ಅದನ್ನು ಚಳಿಗಾಲದಲ್ಲಿ ಮೈ ಬಿಸಿ ಮಾಡಿಕೊಳ್ಳಲು ಬಳಸಿ, ಯುಗಾದಿ ಹತ್ತಿರವಾಗುತ್ತಲೇ ಮುಚ್ಚಳ ಹಾಕಿಬಿಡುತ್ತಾರೆ. ಮೊಣಕಾಲು ಸವೆದ ಹಿರಿಯರು, ಸೊಂಟ ಹಿಡಿದುಕೊಂಡವರು, ತೂಕ ಹೆಚ್ಚಾಗಿ ನಡೆಯಲು ಕಷ್ಟಪಡುವವರು ಮನೆಯಲ್ಲಿದ್ದರೆ ಇದೇ ಟಬ್ಬನ್ನು ವರ್ಷವಿಡೀ ವ್ಯಾಯಾಮಕ್ಕೆ ಬಳಸಬಹುದು. ಅದಕ್ಕೆ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಕೀಲಿಗೆ ಇಲ್ಲಿ ಮುಖ್ಯವಾಗಿ ನೆರವಾಗುವುದು ನೀರಿನ ಬಿಸಿಯಲ್ಲ, ದೇಹವನ್ನು ಎತ್ತಿ ಹಿಡಿಯುವ ನೀರಿನ ಗುಣ.

ಸೊಂಟದವರೆಗೆ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವ ದೇಹದ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯವರೆಗೆ ಮುಳುಗಿದರೆ ಮೂರನೆಯ ಒಂದು ಭಾಗದಷ್ಟು ಮಾತ್ರ ಉಳಿಯುತ್ತದೆ. ಟಬ್‌ನ ಆಸನದಲ್ಲಿ ಕುಳಿತರೆ ನೀರು ಸಾಮಾನ್ಯವಾಗಿ ಎದೆಯ ಮಟ್ಟಕ್ಕೆ ಬರುವುದರಿಂದ, ನೆಲದ ಮೇಲೆ ಮಡಚಲಾಗದ ಮೊಣಕಾಲು ಅಲ್ಲಿ ಹೆಚ್ಚು ಸಲೀಸಾಗಿ ಮಡಚುತ್ತದೆ. ಈ ಅನುಕೂಲ ನೀರು ಬೆಚ್ಚಗಿದ್ದರೂ ಸಿಗುತ್ತದೆ, ತಣ್ಣಗಿದ್ದರೂ ಸಿಗುತ್ತದೆ.

ಆದ್ದರಿಂದ ಹೀಟರನ್ನು 40 ಡಿಗ್ರಿಗೆ ಏರಿಸಿ ವ್ಯಾಯಾಮ ಮಾಡಬೇಡಿ. 40 ಡಿಗ್ರಿ ಸೆಲ್ಸಿಯಸ್ ಎನ್ನುವುದು ಆರೋಗ್ಯವಂತ ವಯಸ್ಕರು ಸುಮ್ಮನೆ ಸ್ವಲ್ಪ ಹೊತ್ತು ಕೂರುವುದಕ್ಕೆ ಹಾಕಿರುವ ಮೇಲಿನ ಮಿತಿ. ಕೈಕಾಲು ಆಡಿಸುವಾಗ ಸ್ನಾಯುಗಳೂ ಶಾಖವನ್ನು ಹುಟ್ಟಿಸುತ್ತವೆ, ಆದರೆ ನೀರಿನೊಳಗೆ ಬೆವರು ಆರುವುದಿಲ್ಲವಾದ್ದರಿಂದ ಆ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ವ್ಯಾಯಾಮಕ್ಕೆ 33ರಿಂದ 35 ಡಿಗ್ರಿ ಸಾಕು. ಮುಟ್ಟಿದರೆ ಉಗುರುಬೆಚ್ಚಗೆ ಅನ್ನಿಸುವ ಈ ನೀರು ಮೈಯ ಬಿಸಿಗಿಂತ ತುಸು ಕಡಿಮೆಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವಾಗ ಹೀಟರ್ ಹಚ್ಚುವ ಅಗತ್ಯವೇ ಇರುವುದಿಲ್ಲ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರು ಕೈಸುಡುವಷ್ಟು ಕಾದಿರುತ್ತದೆಯಾದ್ದರಿಂದ, ಬೇಸಿಗೆಯಲ್ಲಿ ಟಬ್ಬನ್ನು ರಾತ್ರಿ ತುಂಬಿಸಿ, ಬೆಳಗಿನ ಜಾವ ಥರ್ಮಾಮೀಟರ್ ಇಟ್ಟು ನೋಡಿದ ಮೇಲೆ ಇಳಿಯುವುದು ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು ಕಾಲಿಟ್ಟು ಬಿಸಿ ನೋಡಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಎಲ್ಲ ಮೊಣಕಾಲು ನೋವೂ ಸವೆತದ್ದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ರಾಯಚೂರು, ಕೊಪ್ಪಳ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಅದನ್ನು ಬಹುಕಾಲ ಕುಡಿದವರಿಗೆ ಬೆನ್ನೂ ಕೀಲುಗಳೂ ಬಿಗಿದುಕೊಳ್ಳುವುದುಂಟು. ಅಂಥವರು ಮೊದಲು ಮೂಳೆ ವೈದ್ಯರಿಗೆ ತೋರಿಸಿ, ಕುಡಿಯುವ ನೀರನ್ನು ಬದಲಿಸಬೇಕು. ಹೃದಯದ ತೊಂದರೆ ಇರುವವರು, ರಕ್ತದೊತ್ತಡದ ಅಥವಾ ಸಕ್ಕರೆಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಟಬ್‌ಗೆ ಇಳಿಯಬಾರದು. ಗರ್ಭಿಣಿಯರು ಬಿಸಿನೀರಿನ ಟಬ್‌ನಿಂದ ದೂರವಿರುವುದೇ ಕ್ಷೇಮ. ಜ್ವರ, ಭೇದಿ, ತೆರೆದ ಗಾಯ, ಕೆಂಪಾಗಿ ಊದಿ ಬಿಸಿಯಾದ ಕೀಲು ಇದ್ದಾಗ ಬೇಡ. ಮದ್ಯ ಕುಡಿದು ಇಳಿಯಲೇಬಾರದು.

ಊಟ ಮಾಡಿದ್ದರೆ ಒಂದು ತಾಸಾದರೂ ಬಿಟ್ಟು, ಒಂದು ಲೋಟ ನೀರು ಕುಡಿದು ಇಳಿಯಿರಿ. ಮನೆಯವರೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಲಿ, ಬಾಗಿಲಿಗೆ ಚಿಲಕ ಹಾಕಬೇಡಿ. ವ್ಯಾಯಾಮದ ವೇಳೆ ಜೆಟ್‌ಗಳನ್ನು (ನೀರನ್ನೂ ಗಾಳಿಯನ್ನೂ ರಭಸದಿಂದ ಚಿಮ್ಮಿಸುವ ಕಿಂಡಿಗಳನ್ನು) ನಿಲ್ಲಿಸಿ, ಏಕೆಂದರೆ ಗುಳ್ಳೆಗಳಿಂದ ತಳ ಕಾಣುವುದಿಲ್ಲ, ನೀರು ಹಿಡಿದೆತ್ತುವುದೂ ಕಡಿಮೆಯಾಗುತ್ತದೆ.

ಬೆನ್ನನ್ನು ಟಬ್‌ನ ಗೋಡೆಗೆ ಆನಿಸಿ ಕುಳಿತು ಪಾದಗಳಿಂದ ಆರಂಭಿಸಿ. ಪಾದವನ್ನು ಮೇಲಕ್ಕೆ, ಕೆಳಕ್ಕೆ ಹತ್ತು ಸಲ ಆಡಿಸಿ, ನಂತರ ಹಿಮ್ಮಡಿಯ ಗಂಟನ್ನು ಎರಡೂ ದಿಕ್ಕಿಗೆ ತಿರುಗಿಸಿ. ಮುಂದಿನದು ಮೊಣಕಾಲು ಚಾಚುವುದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ತೊಡೆಯನ್ನು ಆಸನದ ಮೇಲೆಯೇ ಇಟ್ಟು, ಒಂದು, ಎರಡು, ಮೂರು ಎಂದು ಎಣಿಸುತ್ತ ಕಾಲನ್ನು ನೇರವಾಗಿಸಿ, ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿ, ಮತ್ತೆ ಮೂರು ಎಣಿಸುತ್ತ ಹಿಂದಕ್ಕೆ ಎಳೆದುಕೊಳ್ಳಿ. ನೆಲದ ಮೇಲೆ ಕುರ್ಚಿಯಲ್ಲಿ ಇದನ್ನೇ ಮಾಡಿದರೆ ಕಾಲು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ನೀರಿನಲ್ಲಾದರೆ ಇಳಿಸುವುದಕ್ಕೂ ಒತ್ತಬೇಕು. ಹೀಗಾಗಿ ತೊಡೆಯ ಮುಂಭಾಗ, ಹಿಂಭಾಗ ಎರಡಕ್ಕೂ ಕೆಲಸ ಸಿಗುತ್ತದೆ, ಮೊಣಕಾಲನ್ನು ಹಿಡಿದು ನಿಲ್ಲಿಸುವುದು ಈ ಎರಡು ಸ್ನಾಯುಗಳೇ. ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಮೊದಲ ವಾರಗಳಲ್ಲಿ ನಿಧಾನವಾಗಿಯೇ ಮಾಡಿ, ನೋವು ಬರದಿದ್ದರೆ ಸ್ವಲ್ಪ ಬಿರುಸು ಮಾಡಬಹುದು. ಬೇರೆ ಭಾರ ಕಟ್ಟಿಕೊಳ್ಳುವ ಅಗತ್ಯವಿಲ್ಲ.

ಅನಂತರ ಕುಳಿತಲ್ಲಿಯೇ ಒಂದೊಂದು ಮೊಣಕಾಲನ್ನು ಎತ್ತಿ ಇಳಿಸುತ್ತ ನಡೆದಂತೆ ಮಾಡಿ, ಬಳಿಕ ಆಸನವನ್ನು ಎರಡೂ ಕೈಯಲ್ಲಿ ಹಿಡಿದು ಸೈಕಲ್ ತುಳಿದಂತೆ ಕಾಲು ತಿರುಗಿಸಿ. ಸುತ್ತಿದ ಟವೆಲನ್ನು ಮೊಣಕಾಲುಗಳ ನಡುವೆ ಇಟ್ಟು ಒತ್ತಿ ಬಿಡುವುದು ಒಳತೊಡೆಗೆ ಒಳ್ಳೆಯದು. ಭುಜ ಹಿಡಿದುಕೊಂಡವರು ಕೈಗಳನ್ನು ನೀರಿನ ಒಳಗೇ ಇಟ್ಟು, ಅಂಗೈ ಬಿಚ್ಚಿ, ಎದೆಯ ಮುಂದಿನಿಂದ ಪಕ್ಕಕ್ಕೆ ತಂದು ಮತ್ತೆ ಕೂಡಿಸಬೇಕು. ಎಲ್ಲವೂ ಸೇರಿ ಮೊದಲು ಐದಾರು ನಿಮಿಷ, ಅಭ್ಯಾಸವಾದ ಮೇಲೆ ಹೆಚ್ಚೆಂದರೆ ಹದಿನೈದು ನಿಮಿಷ. ಮಾತಾಡಲು ಏದುಸಿರು ಬಂದರೆ, ತಲೆ ಹಗುರವಾದರೆ, ಎದೆ ಬಡಿದುಕೊಂಡರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ.

ಅಪಾಯ ಹೆಚ್ಚಿರುವುದು ಹೊರಬರುವಾಗ. ಬೆಚ್ಚನೆಯ ನೀರಿನಲ್ಲಿ ರಕ್ತನಾಳಗಳು ಹಿಗ್ಗಿರುತ್ತವೆ. ಎದ್ದು ನಿಂತ ಕೂಡಲೇ ನೀರಿನ ಒತ್ತಡ ತಪ್ಪಿ ರಕ್ತ ಕಾಲಿಗೆ ಇಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಅದೇ ಕ್ಷಣದಲ್ಲಿ ಅಲ್ಲಿಯವರೆಗೆ ನೀರು ಹೊತ್ತಿದ್ದ ತೂಕವೆಲ್ಲ ನೋಯುವ ಮೊಣಕಾಲಿನ ಮೇಲೆ ಮರಳಿ ಬೀಳುತ್ತದೆ. ಆದ್ದರಿಂದ ಪಾದಗಳನ್ನು ಕೆಲವು ಸಲ ಆಡಿಸಿ, ಹಿಡಿಕೆ ಹಿಡಿದು ನಿಧಾನವಾಗಿ ಎದ್ದು, ಟಬ್‌ನ ಅಂಚಿನ ಮೇಲೆ ಒಂದೆರಡು ನಿಮಿಷ ಕುಳಿತೇ ಕೆಳಗಿಳಿಯಬೇಕು. ಗೋಡೆಗೆ ಬಿಗಿಯಾದ ಸ್ಟೀಲ್ ಹಿಡಿಕೆಯನ್ನೂ ಜಾರದ ಮ್ಯಾಟನ್ನೂ ಟಬ್ ತಂದ ದಿನವೇ ಹಾಕಿಸಿಕೊಳ್ಳಿ. ಬಂದ ಮೇಲೆ ನೀರನ್ನೋ ತಿಳಿಮಜ್ಜಿಗೆಯನ್ನೋ ಕುಡಿಯಿರಿ. ರಕ್ತದೊತ್ತಡ ಇರುವವರ ಮಜ್ಜಿಗೆಗೆ ಉಪ್ಪು ಬೇಡ.

ನೀರಿನ ಶುದ್ಧಿಯ ವಿಷಯದಲ್ಲಿ ಉದಾಸೀನ ಸಲ್ಲದು. ಬೆಚ್ಚನೆಯ ನೀರಿನಲ್ಲಿ ಕ್ಲೋರಿನ್ ಬೇಗ ಕಳೆದುಹೋಗುತ್ತದೆ, ನಮ್ಮ ಬಿಸಿಲು ಅದನ್ನು ಇನ್ನೂ ಬೇಗ ಕಳೆಯುತ್ತದೆ. ಇಳಿಯುವ ಮುಂಚೆ ಪರೀಕ್ಷಾ ಪಟ್ಟಿ ಅದ್ದಿ, ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ), ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7.0ರಿಂದ 7.8ರೊಳಗೆ ಇದೆಯೇ ನೋಡಿ. ಕಡಿಮೆಯಿದ್ದರೆ ಚರ್ಮದ ಮೇಲೆ ಗುಳ್ಳೆ ತರುವ, ಶ್ವಾಸಕೋಶಕ್ಕೆ ಸೋಂಕು ತಗುಲಿಸುವ ರೋಗಾಣುಗಳು ಬೆಳೆಯುತ್ತವೆ. ಎಣ್ಣೆ ಹಚ್ಚಿಕೊಂಡು ಇಳಿಯುವುದು, ನೀರಿಗೆ ಅರಿಶಿನ, ಬೇವಿನ ಎಲೆ ಹಾಕುವುದು ಬೇಡ. ಅವು ಫಿಲ್ಟರನ್ನು ಕಟ್ಟಿಸಿ ಕ್ಲೋರಿನನ್ನು ತಿನ್ನುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಹೀಟರಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಸಾಧ್ಯವಾದರೆ ನಲ್ಲಿಯ ನೀರನ್ನೇ ತುಂಬಿಸಿ. ಬದಲಿಸುವ ನೀರನ್ನು ಚರಂಡಿಗೆ ಬಿಡದೆ, ಕ್ಲೋರಿನ್ ಹೋಗುವವರೆಗೆ ಮುಚ್ಚಳ ತೆಗೆದಿಟ್ಟು ಅಂಗಳ ತೊಳೆಯಲು ಬಳಸಬಹುದು.

ಟಬ್ಬನ್ನು ಮಾಳಿಗೆಯ ಮೇಲೆ ಇಡುವ ಯೋಚನೆಯಿದ್ದರೆ ಸಿವಿಲ್ ಎಂಜಿನಿಯರ್ ಒಪ್ಪಿಗೆ ಕೊಡುವವರೆಗೆ ಕಾಯಿರಿ. ಮುಕ್ಕಾಲು ಮೀಟರ್ ಆಳದ ನೀರೊಂದೇ ಪ್ರತಿ ಚದರ ಮೀಟರಿಗೆ 750 ಕಿಲೋ ತೂಗುತ್ತದೆ, ಮನೆಯ ಮಾಳಿಗೆಗೆ ಲೆಕ್ಕ ಹಾಕುವ ಭಾರ ಸಾಮಾನ್ಯವಾಗಿ 150 ಕಿಲೋದ ಆಸುಪಾಸು. ವಿದ್ಯುತ್ ಸಂಪರ್ಕಕ್ಕೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯವಾಗಿ ಇರಲಿ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ದುರ್ಬಲವಾಗುವುದರಿಂದ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿಸಿ. ತಳದ ನೀರೆಳೆಯುವ ಕಿಂಡಿಯ ಜಾಲರಿ ಒಡೆದಿದ್ದರೆ ಟಬ್ ಬಳಸಬೇಡಿ, ಉದ್ದ ಕೂದಲಿನವರು ತುರುಬು ಕಟ್ಟಿಕೊಂಡೇ ಇಳಿಯಿರಿ. ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗವಿರಲಿ.

ವಾರಕ್ಕೆ ಮೂರು ದಿನದಿಂದ ಆರಂಭಿಸಿದರೆ ಸಾಕು. ವ್ಯಾಯಾಮದ ನಂತರ ಹೆಚ್ಚಾದ ನೋವು ಎರಡು ತಾಸಿನೊಳಗೆ ಇಳಿದರೆ ಅದೇ ಪ್ರಮಾಣದಲ್ಲಿ ಮುಂದುವರಿಸಿ. ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಮುಂದಿನ ಸಲ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ. ಮರುದಿನವೂ ಕೀಲು ಊದಿಕೊಂಡಿದ್ದರೆ ವ್ಯಾಯಾಮ ನಿಲ್ಲಿಸಿ, ಫಿಸಿಯೋಥೆರಪಿಸ್ಟರಿಗೆ ತೋರಿಸಿ.