ಟ್ರೈಲರ್‌ಗೆ ಶಾಕ್ ಅಬ್ಸಾರ್ಬರ್: ಮೊದಲು ಅಳತೆ, ಆಮೇಲೆ ಅಂಗಡಿ

ಶಿರಾಡಿ ಘಾಟಿ ಇಳಿದು ಬಂದ ಕ್ಯಾಂಪಿಂಗ್ ಟ್ರೈಲರ್‌ನ ಬಾಗಿಲು ತೆರೆದರೆ ಪಾತ್ರೆಗಳೆಲ್ಲ ನೆಲದ ಮೇಲೆ, ಕಪಾಟಿನ ಸ್ಕ್ರೂಗಳು ಸಡಿಲ. ಇಲ್ಲಿನ ವರ್ಕ್‌ಶಾಪ್‌ಗಳಲ್ಲಿ ಕಟ್ಟಿದ ಟ್ರೈಲರ್‌ಗಳಲ್ಲಿ ಸಾಮಾನ್ಯವಾಗಿ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಮಾತ್ರ ಇರುತ್ತದೆ. ಲೀಫ್‌ಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಮೂರು ನಾಲ್ಕು ಲೀಫ್‌ನ ಹಗುರ ಟ್ರೈಲರ್‌ಗೆ ಅಷ್ಟು ಸಾಲದು. ಸ್ಪ್ರಿಂಗ್‌ನ ಕುಣಿತವನ್ನು ಬೇಗ ಅಡಗಿಸಲು ಶಾಕ್ ಅಬ್ಸಾರ್ಬರ್ (ಶಾಕ್) ಬೇಕು.

ಶಾಕ್ ಹಾಕುವ ಮುನ್ನ ಎರಡು ವಿಷಯ ನೋಡಿಕೊಳ್ಳಿ. ಟೈರ್‌ಗೆ ಭಾರಕ್ಕೆ ತಕ್ಕ ಗಾಳಿಯಷ್ಟೇ ಇರಲಿ. ಖಾಲಿ ಟ್ರೈಲರ್‌ಗೆ ಗಟ್ಟಿಯಾಗಿ ಗಾಳಿ ತುಂಬಿದರೆ ಯಾವ ಶಾಕ್ ಹಾಕಿದರೂ ಅದು ಕುಣಿಯುತ್ತದೆ. ಹಿಂಭಾಗ ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೆ ಅದು ಹೆಚ್ಚಾಗಿ ಸಾಮಾನು ಜೋಡಿಸಿದ ರೀತಿಯ ತೊಂದರೆ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಿನಷ್ಟು ಕಾರಿಗೆ ಸಿಕ್ಕಿಸುವ ಕೊಕ್ಕೆಯ ಮೇಲೆ ಬೀಳಬೇಕು, ಕಾರಿನ ಮಿತಿ ಮೀರದಂತೆ. ರಬ್ಬರ್ ಟಾರ್ಶನ್ ಆಕ್ಸಲ್ (ಒಳಗಿನ ರಬ್ಬರೇ ಸ್ಪ್ರಿಂಗ್ ಆಗಿ, ಕುಣಿತವನ್ನೂ ತಗ್ಗಿಸುವಂಥದ್ದು) ಇದ್ದವರು ಈ ಕೆಲಸಕ್ಕೆ ಕೈ ಹಾಕುವುದೇ ಬೇಡ.

ಕೆಲಸ ಕೆಡುವುದು ಬಹುಮಟ್ಟಿಗೆ ಅಳತೆಯಲ್ಲೇ. ಮೊದಲು ಶಾಕ್ ಕೊಂಡು, ಆಮೇಲೆ ಅದು ಹಿಡಿಸುವ ಜಾಗ ಹುಡುಕುವವರೇ ಹೆಚ್ಚು. ಕ್ರಮ ತಿರುಗಿಸಿ. ಪ್ರವಾಸಕ್ಕೆ ಹೊರಡುವಾಗ ಇರುವಷ್ಟೇ ಸಾಮಾನು, ನೀರು ತುಂಬಿಸಿ ಟ್ರೈಲರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕೆಳಗಿನ ಬೋಲ್ಟ್ ಬರುವ ಜಾಗ ಆಕ್ಸಲ್ ಬಳಿ, ಚಕ್ರಕ್ಕೆ ಆದಷ್ಟು ಹತ್ತಿರ. ಮೇಲಿನದು ಚಾಸಿಯಲ್ಲಿ (ಟ್ರೈಲರ್‌ನ ಅಡಿಯ ಕಬ್ಬಿಣದ ಚೌಕಟ್ಟು), ಸ್ವಲ್ಪ ಒಳಕ್ಕೆ ವಾಲಿದಂತೆ. ಎರಡನ್ನೂ ಸೀಮೆಸುಣ್ಣದಲ್ಲಿ ಗುರುತು ಮಾಡಿ ನಡುವಿನ ದೂರ ಅಳೆಯಿರಿ. 360 ಮಿ.ಮೀ. ಬಂತು ಎನ್ನೋಣ.

ಇನ್ನು ಚಾಸಿಯನ್ನು ಜಾಕಿಯಲ್ಲಿ ಎತ್ತಿ, ಚಕ್ರ ಪೂರ್ತಿ ಜೋತುಬಿದ್ದ ಮೇಲೆ ಅದೇ ಅಳತೆ ತೆಗೆಯಿರಿ: 410. ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಅಂಗಳದಲ್ಲಿ ಬಿದ್ದಿರುವ ಕೆಂಪುಕಲ್ಲನ್ನು ಕೊಟ್ಟು ಅಡಿಗೆ ನುಸುಳಬೇಡಿ, ಅದು ಹೇಳದೆ ಕೇಳದೆ ಬಿರಿಯುತ್ತದೆ. ಮೂರನೆಯದು, ಆಕ್ಸಲ್ ಮೇಲೇರಿ ಬಂಪ್ ರಬ್ಬರ್‌ಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ತಾಗಿ ಅದನ್ನು ಒತ್ತಿದಾಗಿನ ಅಳತೆ. ಭಾರ ತುಂಬಿ ನಿಂತಾಗ ಆಕ್ಸಲ್ ಇನ್ನೆಷ್ಟು ಮೇಲೇರಬಹುದೋ ಅಷ್ಟನ್ನು 360ರಿಂದ ಕಳೆದರೆ ಸಿಗುತ್ತದೆ, 300 ಎಂದಿಟ್ಟುಕೊಳ್ಳಿ. ಬಂಪ್ ರಬ್ಬರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಈಗ ಬೇಕಾದ ಶಾಕ್ ಯಾವುದೆಂದು ತಿಳಿಯಿತು. ಪೂರ್ತಿ ಎಳೆದಾಗ 430ಕ್ಕಿಂತ ಕಡಿಮೆ ಇರಬಾರದು, ಪೂರ್ತಿ ಅದುಮಿದಾಗ 280ಕ್ಕಿಂತ ಹೆಚ್ಚಿರಬಾರದು. ಎರಡೂ ತುದಿಗೆ 20 ಮಿ.ಮೀ. ಬಿಟ್ಟದ್ದು ಸುಮ್ಮನೆ ಅಲ್ಲ. ಶಾಕ್ ಉದ್ದವಾದರೆ ಹೊಂಡಕ್ಕೆ ಬಿದ್ದಾಗ ತಳ ತಾಗಿ ಬ್ರಾಕೆಟ್ ಕಿತ್ತುಬರುತ್ತದೆ. ಗಿಡ್ಡವಾದರೆ ಚಕ್ರ ಜೋತಾಗ ಅದರ ಕಣ್ಣೇ (ಬೋಲ್ಟ್ ಹಾಯುವ ತುದಿಯ ಬಳೆ) ಹರಿಯುತ್ತದೆ. ಆಕ್ಸಲ್ ತಡೆಯುವುದು ಬಂಪ್ ರಬ್ಬರ್ ಕೆಲಸ, ಶಾಕ್‌ನದ್ದಲ್ಲ.

ವಾಲುವಿಕೆ ನೇರದಿಂದ 20 ಡಿಗ್ರಿ ದಾಟದಿರಲಿ. 45 ಡಿಗ್ರಿ ಮಲಗಿಸಿದರೆ ಅದರ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಜಾಗ ಇಲ್ಲವೆಂದು ಮಲಗಿಸುವ ವೆಲ್ಡರ್‌ಗೆ ಇದನ್ನು ಮೊದಲೇ ಹೇಳಿ.

ಓಮ್ನಿ, ಬೊಲೆರೊದಂಥ ಲೀಫ್ ಸ್ಪ್ರಿಂಗ್ ಗಾಡಿಗಳ ಹಿಂದಿನ ಶಾಕ್‌ಗಳಲ್ಲಿ ಅಳತೆಗೆ, ಭಾರಕ್ಕೆ ಹೊಂದುವುದನ್ನು ಆರಿಸಿ. ಟೇಪ್ ಜೇಬಿನಲ್ಲಿರಲಿ, ಅಂಗಡಿಯಲ್ಲೇ ಎಳೆದು ಅದುಮಿ ನೋಡಿ. ಹಗುರ ಟ್ರೈಲರ್‌ಗೆ ಎಣ್ಣೆಯ ಶಾಕ್ ಸಾಕು, ಗ್ಯಾಸ್‌ನದ್ದಕ್ಕೆ ದುಡ್ಡು ಸುರಿಯಬೇಡಿ. ಬೈಕಿನ ಸ್ಪ್ರಿಂಗ್ ಸಹಿತ ಶಾಕ್ ಕಟ್ಟುವ ಅಗ್ಗದ ಉಪಾಯ ಅಲ್ಲಲ್ಲಿ ಕಾಣುತ್ತದೆ. ಅದು ಸ್ಪ್ರಿಂಗನ್ನು ಗಟ್ಟಿ ಮಾಡುತ್ತದೆ, ಕುಣಿತ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಬಣ್ಣ ಬಳಿದ ಸೆಕೆಂಡ್ ಹ್ಯಾಂಡ್ ಶಾಕ್ ಅಂತೂ ಮುಟ್ಟಲೇಬೇಡಿ.

ಕೆಳಗಿನ ಬ್ರಾಕೆಟ್‌ಗಾಗಿ ಆಕ್ಸಲ್‌ಗೆ ವೆಲ್ಡಿಂಗ್ ಬೇಡ. ಕಾದರೆ ಅದು ಬಾಗುತ್ತದೆ, ಟೈರ್ ಒಂದೇ ಕಡೆ ಸವೆಯತೊಡಗುತ್ತದೆ. ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವ ಯು ಬೋಲ್ಟ್ ಅಡಿಯ ಪ್ಲೇಟ್ ಬದಲು ಶಾಕ್ ಪಿನ್ ಇರುವ ಪ್ಲೇಟ್ ಮಾಡಿಸಿ, ಯು ಬೋಲ್ಟ್ ಹೊಸದೇ ಹಾಕಿ. ಮೇಲ್ಗಡೆ 6 ಮಿ.ಮೀ. ತಗಡಿನ, ಬೋಲ್ಟನ್ನು ಎರಡೂ ಬದಿಯಿಂದ ಹಿಡಿಯುವ ಬ್ರಾಕೆಟ್ ಬೇಕು. ಚಾಸಿ ಪೈಪ್ ತೆಳ್ಳಗಿದ್ದರೆ ಅದಕ್ಕೂ ಬ್ರಾಕೆಟ್‌ಗೂ ನಡುವೆ ಅಗಲವಾದ ಪ್ಲೇಟ್ ಇಟ್ಟು, ಪೈಪ್ ಉದ್ದಕ್ಕೆ ವೆಲ್ಡ್ ಎಳೆಸಿ. ಅಡ್ಡ ಎಳೆದಲ್ಲಿ ಬಿರುಕು ಶುರುವಾಗುತ್ತದೆ. ವೆಲ್ಡಿಂಗ್‌ಗೆ ಮೊದಲು ಗ್ಯಾಸ್ ಸಿಲಿಂಡರ್ ಹೊರಗಿಡಿ, ಬ್ಯಾಟರಿ ಬಿಚ್ಚಿ, ಕಾರಿನಿಂದ ಬರುವ ವೈರ್ ಕಳಚಿ. ಅರ್ತಿಂಗ್ ಕ್ಲ್ಯಾಂಪ್ ವೆಲ್ಡ್ ಪಕ್ಕದಲ್ಲೇ ಹಿಡಿಯಲಿ. ದೂರದ ಚಕ್ರಕ್ಕೆ ಸಿಕ್ಕಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ. ನೆಲದ ಪ್ಲೈವುಡ್, ಫೋಮ್ ಒಳಗೊಳಗೇ ಹೊಗೆಯಾಡಬಹುದು. ಒಬ್ಬರು ನೀರು ಹಿಡಿದು ಒಳಗೆ ಇರಲಿ.

ಜೋಡಿಸುವುದು ಸುಲಭ. ಎಣ್ಣೆಯ ಶಾಕನ್ನು ರಾಡ್ ಮೇಲಾಗಿ ನಿಲ್ಲಿಸಿ ಐದಾರು ಬಾರಿ ಪೂರ್ತಿ ಎಳೆದು ಅದುಮಿ, ನಂತರ ಸಿಕ್ಕಿಸಿ. ಬೋಲ್ಟ್ ಬುಷ್‌ನ (ಶಾಕ್‌ನ ಕಣ್ಣಿನೊಳಗಿನ ರಬ್ಬರ್ ಕೊಳವೆ) ತೂತಿಗೆ ಬಿಗಿಯಾಗಿ ಕೂರುವ 8.8 ಗ್ರೇಡ್‌ನದ್ದು (ಹೆಚ್ಚು ಗಟ್ಟಿ ಉಕ್ಕು), ನಟ್ ತಾನಾಗಿ ಸಡಿಲವಾಗದ ನೈಲಾಕ್. ಕೊನೆಯ ಬಿಗಿ ಮಾತ್ರ ಚಕ್ರ ನೆಲಕ್ಕೆ ಕೂತು, ಭಾರ ಬಿದ್ದ ಮೇಲೆಯೇ. ಜೋತಾಡುವಾಗ ಬಿಗಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟೈರ್‌ಗೂ ಬ್ರೇಕ್ ವೈರ್‌ಗೂ ಶಾಕ್ ತಾಗದಂತೆ ಕನಿಷ್ಠ 25 ಮಿ.ಮೀ. ಅಂತರವಿರಲಿ.

ಕಡಲ ಗಾಳಿಗೆ ಹೊಸ ವೆಲ್ಡ್ ಬೇಗ ತುಕ್ಕು ಹಿಡಿಯುವುದರಿಂದ ಅದೇ ದಿನ ಝಿಂಕ್ ಪ್ರೈಮರ್, ಮೇಲೆ ಎರಡು ಕೋಟ್ ಪೇಂಟ್ ಬಳಿಯಿರಿ. ಹೊಂಡಗುಂಡಿಯ ರಸ್ತೆಯಲ್ಲಿ 15-20 ಕಿ.ಮೀ. ಓಡಿಸಿ ನಿಲ್ಲಿಸಿ, ಹುಷಾರಾಗಿ ಎರಡೂ ಶಾಕ್ ಮುಟ್ಟಿ ನೋಡಿ. ಎರಡೂ ಸಮನಾಗಿ ಬಿಸಿಯಾಗಿರಬೇಕು. ಒಂದು ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ. 100 ಕಿ.ಮೀ. ಒಳಗೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಮರವಂತೆ ಕಡೆ ಕಡಲ ಬದಿಯಲ್ಲಿ ನಿಲ್ಲಿಸಿ ಬಂದರೆ ಮನೆಗೆ ಬಂದ ಕೂಡಲೇ ಶಾಕ್ ರಾಡ್‌ಗೂ ಬ್ರಾಕೆಟ್‌ಗೂ ಸಿಹಿನೀರು ಹಾಯಿಸಿ.