ಕಣ್ಣಿನ ಒತ್ತಡ: ಅಳೆಸುವುದು ಯಾವಾಗ, ಕಣ್ಣಿಗೆ ಮದ್ದು ಹಾಕುವುದು ಹೇಗೆ?

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಹೊತ್ತಿಗೆ ಕೇರಳದ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಕಣ್ಣು ಕೆಂಪಾದವರು ಮನೆಗೊಬ್ಬರಾದರೂ ಸಿಗುತ್ತಾರೆ. ನನ್ನ ಅಪ್ಪನ ಕಣ್ಣಿಗೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಡಿದಿತ್ತು. ಪೇಟೆಯ ಮೆಡಿಕಲಿನಿಂದ ತಂದ ಡ್ರಾಪ್ಸ್ ಎರಡೇ ದಿನದಲ್ಲಿ ಕೆಂಪು ಇಳಿಸಿತು. ಒಳ್ಳೆಯ ಮದ್ದೆಂದು ಅಪ್ಪ ಕಣ್ಣು ತುರಿಸಿದಾಗಲೆಲ್ಲ ಅದನ್ನೇ ಬಿಟ್ಟರು. ಅದರಲ್ಲಿ ಉರಿಯೂತ ಇಳಿಸುವ ಸ್ಟೀರಾಯ್ಡ್ ಇತ್ತು. ಕೆಲವು ತಿಂಗಳ ನಂತರ ಕನ್ನಡಕಕ್ಕೆಂದು ಹೋದಾಗ ಕಣ್ಣಿನ ಒತ್ತಡ 34. ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನೋವಿಲ್ಲ, ಮಂಜಿಲ್ಲ, ಅಪ್ಪನಿಗೆ ಏನೂ ಗೊತ್ತಾಗಿರಲಿಲ್ಲ.

(ಸುಣ್ಣದ ನೀರು ಸಿಡಿದರೆ ಮೊದಲು ಬೇಕಾದದ್ದು ಡ್ರಾಪ್ಸ್ ಅಲ್ಲ. ಶುದ್ಧ ನೀರಿನಲ್ಲಿ 20 ನಿಮಿಷ ಬಿಡದೆ ತೊಳೆದು ನೇರ ಆಸ್ಪತ್ರೆಗೆ ಹೋಗಿ.)

ಒತ್ತಡ ಏರುವುದು ಹೇಗೆ?

ನಮ್ಮ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಸುರಂಗ ಹಗಲೂ ರಾತ್ರಿ ಟಾಂಕಿಗೆ ನೀರಿಳಿಸುವಂತೆ, ಕಣ್ಣಿನೊಳಗೆ ನಿಮಿಷಕ್ಕೆ 2–3 ಮೈಕ್ರೋಲೀಟರ್ ತಿಳಿನೀರು ಒಸರುತ್ತಲೇ ಇರುತ್ತದೆ. ಇದು ಕಣ್ಣೀರಲ್ಲ. ಕಣ್ಣಿನ ಕಪ್ಪು ಭಾಗದ ಹೊರ ಅಂಚಿನ ಮೂಲೆಯಲ್ಲಿರುವ ಸಣ್ಣ ಜಾಲರಿಯಲ್ಲಿ ಸೋಸಿ ಅದು ರಕ್ತಕ್ಕೆ ಸೇರುತ್ತದೆ. ಟಾಂಕಿ ತುಂಬಿದರೆ ನೀರು ಹೊರಚೆಲ್ಲೀತು. ಕಣ್ಣಿಗೆ ಆ ದಾರಿಯಿಲ್ಲ. ಜಾಲರಿ ಕಟ್ಟಿದರೆ ಒತ್ತಡ ಏರಿ ಹಿಂದಿನ ದೃಷ್ಟಿನರ ಸವೆಯುತ್ತದೆ. ಅದೇ ಗ್ಲಾಕೋಮಾ. ಹೋದ ದೃಷ್ಟಿ ಮರಳುವುದಿಲ್ಲ.

ಸ್ಟೀರಾಯ್ಡ್ ಕೆಲವರಲ್ಲಿ ಕೆಲವೇ ವಾರಗಳಲ್ಲಿ ಈ ಜಾಲರಿಯನ್ನು ಬಿಗಿಗೊಳಿಸುತ್ತದೆ. ಬಲಿತ ಪೊರೆ ಉಬ್ಬಿ ಹಾದಿ ಮುಚ್ಚಬಹುದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಹೊಸ ರಕ್ತನಾಳಗಳು ಜಾಲರಿಯ ಮೇಲೆ ಹಬ್ಬಬಹುದು. ಕಣ್ಣಿನೊಳಗಿನ ಉರಿಯೂತ ಕೆಲವರಿಗೆ ಒತ್ತಡ ಇಳಿಸುತ್ತದೆ, ಕೆಲವರಿಗೆ ಏರಿಸುತ್ತದೆ. ಪೊರೆ ತೆಗೆಸಿದ ಮೊದಲ ದಿನಗಳಲ್ಲೂ ಏರಬಹುದು. ಮರುದಿನದ ತಪಾಸಣೆಗೆ ‘ಮಂಗಳೂರಿಗೆ ಮತ್ತೆ ಯಾಕೆ ಬಸ್ಸು ಹತ್ತುವುದು’ ಎನ್ನಬೇಡಿ.

ಅಳೆಸುವ ದಿನ

ದಿನವೂ ಹಾಕುವ ಡ್ರಾಪ್ಸನ್ನು ಅಂದೂ ತಪ್ಪಿಸದೆ ಹಾಕಿ, ಬಾಟ್ಲಿಗಳನ್ನೆಲ್ಲ ಜೊತೆಗೊಯ್ಯಿರಿ. ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ದಮ್ಮಿನ ಇನ್‌ಹೇಲರ್, ಚರ್ಮದ ಮುಲಾಮು ಇದ್ದರೆ ಅದನ್ನೂ ಹೇಳಿ. ಕನ್ನಡಕ ಬಿಡಲು ಲೇಸರ್ ಮಾಡಿಸಿದ್ದರೆ ಮರೆಯದೆ ತಿಳಿಸಿ: ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾದರೆ ಯಂತ್ರ ನಿಜಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಮರಗಟ್ಟಿಸುವ ಹನಿ ಮತ್ತು ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ಅಳೆಯುತ್ತಾರೆ, ನೋವಾಗದು. ಒತ್ತಡ ಸರಿಯಿದ್ದರೂ ನರ ಸವೆಯುವವರಿದ್ದಾರೆ. ಹಾಗಾಗಿ ನರವನ್ನೂ ನೋಡಿದರೇ ಎಂದು ಕೇಳಿ.

ವೈದ್ಯರೇ ಕೊಟ್ಟ ಸ್ಟೀರಾಯ್ಡನ್ನು ಹೆದರಿ ನೀವಾಗಿ ನಿಲ್ಲಿಸಬೇಡಿ.

ಹನಿ ಬಿಡುವಾಗ

ಕೈ ತೊಳೆದು, ತಲೆ ಹಿಂದೆ ಬಾಗಿಸಿ, ಕೆಳರೆಪ್ಪೆ ಎಳೆದು ಆ ಚೀಲದಲ್ಲಿ ಒಂದೇ ಹನಿ. ಎರಡನೆಯದು ಕೆನ್ನೆಗಿಳಿಯುತ್ತದಷ್ಟೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿಹಿಡಿಯಿರಿ. ಮದ್ದು ಮೂಗಿನ ಮೂಲಕ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಒತ್ತಡ ಇಳಿಸುವ ಮದ್ದುಗಳಲ್ಲಿ ಟಿಮೊಲಾಲ್ ಕಣ್ಣಿನೊಳಗೆ ನೀರು ಒಸರುವುದನ್ನು ತಗ್ಗಿಸುತ್ತದೆ, ಆದರೆ ದಮ್ಮಿನವರಿಗೆ ಅಪಾಯ. ಲ್ಯಾಟನೊಪ್ರೋಸ್ಟ್ ನೀರು ಹೊರಹೋಗುವುದನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ರಾತ್ರಿ ಒಂದು ಸಲ. ಎರಡು ಬಗೆಯ ಮದ್ದಿದ್ದರೆ ನಡುವೆ ಐದು ನಿಮಿಷ ಬಿಡಿ.

ಒಮ್ಮೆಲೇ ಕಣ್ಣುನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಪಿತ್ತವೆಂದು ಕಷಾಯ ಕುಡಿದು ಮಲಗಬೇಡಿ. ಬೆಳಗಾಗಲು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಜೀಪು ಮಾಡಿಸಿ.

ಚೀಟಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಅಪ್ಪನಿಗೆ ಎರಡೂ ಓದಲು ಬಾರದು. ಒತ್ತಡ ಇಳಿಸುವ ಹನಿಯ ಡಬ್ಬಿಯ ಮೇಲೆ ‘ರಾತ್ರಿ, ಎರಡೂ ಕಣ್ಣಿಗೆ’ ಎಂದು ದಪ್ಪ ಕನ್ನಡದಲ್ಲಿ ಬರೆದಿದ್ದೇನೆ. ಕೆಳಗೆ ಬಾಟ್ಲಿ ತೆರೆದ ತಾರೀಕು. ತಿಂಗಳಾದರೆ ಹೊಸದು.